ಎಲ್ಲೆಯೊಳಗಿನ ಬದುಕು, ಹಂಚಿ ಉಣ್ಣುವ ವ್ರತ

ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಪದ್ಮಾವತಿ ಅಮ್ಮನವರ ದರ್ಶನಕ್ಕೆಂದು ಬರುವ ಭಕ್ತರಲ್ಲಿ ಬಹುಮಂದಿ ಪಂಚಕೂಟ ಬಸದಿಗೂ ಹೋಗಿ ಕೈಮುಗಿದು ಬರುತ್ತಾರೆ. ಉರ್ವೀತಿಲಕವೆಂದು ಹೆಸರಾದ ಈ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ಪತಿಯನ್ನೂ ಮಗನನ್ನೂ ಕಳೆದುಕೊಂಡ ಈಕೆ ಸಾಂತರ ಮನೆತನಕ್ಕೆ ಸೇರಿದ ತಂಗಿಯ ನಾಲ್ವರು ಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದಳು. ಸ್ವಂತ ದುಃಖ ಮನುಷ್ಯನನ್ನು ಮನೆಯ ಬಾಗಿಲು ಮುಚ್ಚಿ ಕೂರುವಂತೆ ಮಾಡುವುದೇ ಹೆಚ್ಚು. ಈಕೆಯ ದುಃಖ ಊರಿನ ಕಡೆಗೆ ಬಾಗಿಲು ತೆರೆಯಿತು. ಶಾಸನವು ಬಸದಿಯೊಂದನ್ನೇ ಹೊಗಳಿ ಸುಮ್ಮನಾಗುವುದಿಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸತ್ರ, ತೋಪುಗಳನ್ನು ಆಕೆ ಮಾಡಿಸಿದ್ದನ್ನೂ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ನೀಡಿದ್ದನ್ನೂ ಸ್ಮರಿಸುತ್ತದೆ.

ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಕೆರೆಯಾಗಲಿ ತೋಪಾಗಲಿ ಒಬ್ಬ ಯಾಚಕನ ಕೈಗೆ ಹೋಗಿ ಮುಗಿದುಹೋಗುವ ವಸ್ತುವಲ್ಲ. ಅದು ಊರಿನದಾಗಿ ಉಳಿಯುತ್ತದೆ, ಬರಗಾಲದಲ್ಲಿ ಊರನ್ನು ಉಳಿಸುತ್ತದೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ತತ್ತ್ವಾರ್ಥಸೂತ್ರವು ಕಡೆಯದಾಗಿ ಹೇಳುವುದು ಅತಿಥಿಸಂವಿಭಾಗವನ್ನು. ಅತಿಥಿಯೆಂದರೆ ಇಲ್ಲಿ ಮೊದಲು ಮುನಿಗಳೇ ಸರಿ. ದೀನರಿಗೆ ಸಲ್ಲುವ ಕರುಣಾದಾನವನ್ನೂ ನಮ್ಮ ಪರಂಪರೆ ಬಿಟ್ಟಿಲ್ಲ. ಗಮನಿಸಬೇಕಾದದ್ದು ‘ಸಂವಿಭಾಗ’ ಎಂಬ ಮಾತನ್ನು. ಅದು ಕೊಡುಗೆಯಲ್ಲ, ಸರಿಯಾಗಿ ಮಾಡಿದ ಪಾಲು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವನೆಗೆ ಅದರಲ್ಲಿ ಎಡೆಯಿಲ್ಲ. ಜೀವಗಳು ಒಂದಕ್ಕೊಂದು ನೆರವಾಗುವುದೇ ಜೀವದ್ರವ್ಯದ ಉಪಕಾರವೆಂದು ಅದೇ ಗ್ರಂಥದ ಐದನೆಯ ಅಧ್ಯಾಯ ಹೇಳುವುದನ್ನು ಇದರ ಜೊತೆಗಿಟ್ಟು ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡಿಗೆ ಈ ತತ್ತ್ವ ಹೊಸದಲ್ಲ. ಮನೆಗಳು ಒಂದರಿಂದೊಂದು ದೂರ, ಮಳೆಯ ತಿಂಗಳುಗಳಲ್ಲಿ ಹಳ್ಳ ತುಂಬಿದರೆ ಸಂಪರ್ಕವೇ ಇಲ್ಲ. ಇಂಥ ಸೀಮೆಯಲ್ಲಿ ಒಬ್ಬಂಟಿಯಾಗಿ ಬದುಕಲಾಗದು. ಆದ್ದರಿಂದಲೇ ಮುಯ್ಯಾಳಿನ ಪದ್ಧತಿ ಬೆಳೆಯಿತು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹಣದ ಮಾತಿಲ್ಲ, ಲೆಕ್ಕ ಮನಸ್ಸಿನಲ್ಲಿರುತ್ತದೆ. ಕೊನೆಕೊಯ್ಲಿನ ಕಾಲದಲ್ಲಿ ನೆರೆಮನೆಯವರೆಲ್ಲ ಒಂದೇ ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ರಾತ್ರಿ ಬಹುಹೊತ್ತಿನವರೆಗೆ ಅಡಿಕೆ ಸುಲಿಯುತ್ತಿದ್ದರು. ಸುಲಿಯುವ ಯಂತ್ರ ಬಂದಮೇಲೆ ಶ್ರಮ ಇಳಿಯಿತು. ಅದು ಬೇಡವೆನ್ನಲು ಯಾರಿಗೂ ಬಾಯಿಲ್ಲ. ಅಂಗಳದ ಮಾತುಕತೆ ಮಾತ್ರ ಅದರ ಜೊತೆಗೇ ಹೋಯಿತು.

ಹಾಗೆಂದು ಹಿಂದಿನದೆಲ್ಲವೂ ಸಂವಿಭಾಗವೇ ಆಗಿತ್ತೆಂದು ತಿಳಿಯುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿಯ ಭತ್ತ ಅಳೆಯುವ ಒಡೆಯರ ಕೊಳಗ ಇರಬೇಕಾದುದಕ್ಕಿಂತ ದೊಡ್ಡದೆಂಬುದು ಅವರ ಮುಖ್ಯ ದೂರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಮೇಲೆ ಈ ಹಳ್ಳಿಯ ಹೆಸರು ದೇಶಕ್ಕೇ ತಿಳಿಯಿತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬುದೊಂದಿದೆ: ಕೊಡುವಾಗ ಕಿರಿದಾದ ಅಳತೆ, ಪಡೆಯುವಾಗ ಹಿರಿದಾದ ಅಳತೆ. ಆಚಾರ್ಯರು ಅದನ್ನು ವ್ಯಾಪಾರದ ಜಾಣತನವೆನ್ನದೆ ಕಳ್ಳತನದ ಸಾಲಿಗೆ ಸೇರಿಸಿದರು. ಅಳತೆ ಸರಿಯಿಲ್ಲದ ಕಡೆ ಹಂಚಿಕೆಯ ಮಾತಿಗೆ ಬೆಲೆಯಿಲ್ಲ. ಒಂದು ಊರಿನ ಒಗ್ಗಟ್ಟು ಉಳಿಯುವುದು ಅನ್ನದಾನದ ಪಂಕ್ತಿಯಿಂದಷ್ಟೇ ಅಲ್ಲ, ಕೊಳಗದಿಂದಲೂ ಹೌದು.

ಹಂಚಬೇಕಾದರೆ ಮೊದಲು ತನಗೆಷ್ಟು ಸಾಕೆಂಬುದು ತಿಳಿದಿರಬೇಕು. ಪರಿಗ್ರಹ ಪರಿಮಾಣ ವ್ರತ ಇರುವುದು ಇದಕ್ಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ದೋಷಗಳನ್ನು ಹೆಸರಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮಿತಿಮೀರಿ ಓಡಿಸುವುದು, ಮಿತಿಮೀರಿ ಕೂಡಿಡುವುದು, ಪರರ ಸಂಪತ್ತನ್ನು ಕಂಡು ಬೆರಗಾಗುವುದು, ಮತ್ತೂ ಬೇಕೆನ್ನುವುದು, ತಾಳಲಾರದಷ್ಟು ಹೊರೆ ಹೇರುವುದು. ಎತ್ತಿನ ಬಗೆಗೆ ಹೇಳಿದ ಮಾತು ನೆಲಕ್ಕೂ ಸಲ್ಲುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಕೊಡುವ ಸೊಪ್ಪಿನಬೆಟ್ಟವನ್ನು ಕಡಿದು ಬೋಳಾಗಿಸುವುದು ಅತಿಭಾರವಹನವಲ್ಲದೆ ಮತ್ತೇನು? ನೆರೆಯವನ ಅಡಿಕೆಯ ಧಾರಣೆ ಕಂಡು ಬೆರಗಾಗಿ ಊಟದ ಭತ್ತ ಬೆಳೆಯುತ್ತಿದ್ದ ಗದ್ದೆಯನ್ನೂ ತೋಟ ಮಾಡಿದವರು ಈ ಮೂರೂ ತಾಲ್ಲೂಕುಗಳಲ್ಲಿದ್ದಾರೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಹರಡಿದಾಗ ಕೈಯಲ್ಲಿ ಬೇರೆ ಬೆಳೆಯಿಲ್ಲದ ಮನೆಗಳೇ ಹೆಚ್ಚು ಕಂಗೆಟ್ಟವು. ರೋಗವನ್ನು ಲೋಭದ ಫಲವೆನ್ನುವುದು ಕ್ರೂರವಾದೀತು, ಅದು ನಿಜವೂ ಅಲ್ಲ. ಅಕ್ಕಿಯನ್ನೂ ಅಂಗಡಿಯಿಂದಲೇ ತರಬೇಕಾದ ಮನೆ ರೋಗ ಬಂದಾಗ ಎರಡು ಬಾರಿ ಸೋಲುತ್ತದೆ ಎಂಬುದಂತೂ ನಿಜ.

ಇಲ್ಲಿಯೇ ನೆನೆಯಬೇಕಾದದ್ದು ದೇಶವ್ರತ. ದಿಗ್ವ್ರತಕ್ಕೆ ಸಮುದ್ರ, ನದಿ, ಅಡವಿ, ಗಿರಿಗಳನ್ನು ಎಲ್ಲೆಯೆಂದ ಸಮಂತಭದ್ರರು ದೇಶವ್ರತಕ್ಕೆ ಬಂದಾಗ ಮನೆ, ಗ್ರಾಮ, ಗದ್ದೆ, ನದಿ, ಕಾಡುಗಳನ್ನು ಎಲ್ಲೆಯಾಗಿ ಹೇಳುತ್ತಾರೆ. ಶರಾವತಿ ಮತ್ತು ತುಂಗೆಯರ ಸೀಮೆಯವರಿಗೆ ಇವು ಕಿಟಕಿಯಿಂದಲೇ ಕಾಣುವ ಗುರುತುಗಳು. ಎಲ್ಲೆಯಾಚೆಯ ಸ್ಥೂಲ ಸೂಕ್ಷ್ಮ ಪಾಪಗಳಿಂದ ದೂರವಾಗುವುದು ವ್ರತದ ಉದ್ದೇಶ. ಅದರ ಲೌಕಿಕ ಫಲವೂ ಸಣ್ಣದಲ್ಲ. ಎಲ್ಲೆಯೊಳಗೆ ಬಾಳುವವನಿಗೆ ಎಲ್ಲೆಯೊಳಗಿನ ನೆರೆಯವನು ಬೇಕಾಗುತ್ತಾನೆ.

ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿರುವ ‘ಚರಕ’ ಮಹಿಳಾ ಸಹಕಾರ ಸಂಘ ಜೈನ ಸಂಸ್ಥೆಯಲ್ಲ. ಆದರೂ ಈ ಅಂಕಣದಲ್ಲಿ ಅದರ ಮಾತು ಬರಬೇಕು. 1990ರ ದಶಕದಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳುತನದಲ್ಲಿ ಮೊದಲಾದ ಈ ಸಂಘದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ಬಟ್ಟೆ ನೇಯುತ್ತಾರೆ, ನೈಸರ್ಗಿಕ ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಕೆಂಗಂದು ಬಣ್ಣವಾಗುತ್ತದೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದನ್ನು ಅನರ್ಥದಂಡವೆಂದು ಬಿಡಹೇಳಿದ ಧರ್ಮಕ್ಕೆ ಇಂಥ ದುಡಿಮೆ ಹತ್ತಿರದ್ದು. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಅವರು ಉಪವಾಸವನ್ನೂ ಕೈಗೊಂಡರು. ಆದರೆ 2020ರ ಕೋವಿಡ್ ಕಾಲದಲ್ಲಿ ಚರಕ ತೀವ್ರ ಸಂಕಷ್ಟಕ್ಕೆ ಸಿಲುಕಿತು. ನೇಯುವವರು ಹಳ್ಳಿಯಲ್ಲಿದ್ದರು, ಕೊಳ್ಳುವವರು ಬಹುಮಟ್ಟಿಗೆ ನಗರದಲ್ಲಿದ್ದರು. ನೇಯುವವರಷ್ಟೇ ದೇಶವ್ರತ ಪಾಲಿಸಿದರೆ ಸಾಲದು, ಉಡುವವರೂ ಪಾಲಿಸಬೇಕು ಎಂಬುದನ್ನು ಆ ವರ್ಷ ತೋರಿಸಿಕೊಟ್ಟಿತು. ಸಾಗರದ ಮದುವೆಮನೆಗಳಲ್ಲಿ ಭೀಮನಕೋಣೆಯ ಬಟ್ಟೆ ಎಷ್ಟು ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಅಭಯದಾನದ ಉದಾಹರಣೆಗೆ ತೀರ್ಥಹಳ್ಳಿಯ ಕಡೆ ನೋಡಬಹುದು. ತುಂಗೆಯ ದಡದ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕ ದೇವಾಲಯದೆದುರಿನ ಮಡುವೇ ಮತ್ಸ್ಯಧಾಮ. ಅಲ್ಲಿ ಮೀನು ಹಿಡಿಯುವಂತಿಲ್ಲ, ಬಂದವರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ. ಮಾಂಸಾಹಾರಿಗಳೂ ಇರುವ ಸೀಮೆಯಲ್ಲಿ ನದಿಯ ಒಂದು ತುಣುಕನ್ನು ಬೇಟೆಯಿಂದ ಹೊರಗಿಟ್ಟಿರುವುದು ಎಲ್ಲರೂ ಸೇರಿ ಹಾಕಿಕೊಂಡ ಎಲ್ಲೆ. ಮೀನಿಗೆ ಜಾತಿ, ಧರ್ಮಗಳ ಗೊಡವೆಯಿಲ್ಲ. ಅಭಯಕ್ಕೂ ಇಲ್ಲ.

ದೇಶವ್ರತ ಜೀವಮಾನಕ್ಕೆ ಕಟ್ಟಿಹಾಕುವ ವ್ರತವಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು. ವರ್ಷ, ಅಯನ, ಚಾತುರ್ಮಾಸ, ತಿಂಗಳು, ಪಕ್ಷ, ಕೊನೆಗೆ ಒಂದು ನಕ್ಷತ್ರದವರೆಗೂ ಅದರ ಅವಧಿಯನ್ನು ಇಳಿಸಿ ಹೇಳಿದ್ದಾರೆ. ಮಲೆನಾಡಿನ ರೈತನಿಗೆ ನಕ್ಷತ್ರವೆಂದರೆ ಮಳೆಯೇ, ಆರಿದ್ರೆ, ಪುನರ್ವಸು, ಪುಷ್ಯ. ಮುನಿಗಳು ಒಂದೆಡೆ ನೆಲೆನಿಲ್ಲುವ ಕಾಲವೂ ಅದೇ. ಆರಿದ್ರೆ ಮಳೆ ಮುಗಿಯುವತನಕ ತಾಲ್ಲೂಕಿನಾಚೆಯ ತರಕಾರಿಯನ್ನು ಕೊಳ್ಳುವುದಿಲ್ಲವೆಂದು ಒಂದು ಮನೆ ನಿಯಮ ಹಿಡಿಯಬಹುದು. ಹಲಸಿನ ಹಪ್ಪಳವಿದೆ, ಬಾಳೆಕಾಯಿಯಿದೆ, ಬೇಸಿಗೆಯಲ್ಲಿ ಬೆಳೆದು ಬಾಳೆನಾರಿನಿಂದ ಕಟ್ಟಿ ಅಟ್ಟದಡಿ ತೂಗುಹಾಕಿದ ಮೊಗೆಕಾಯಿಗಳಿವೆ. ಅವುಗಳಲ್ಲಿ ನೆರೆಮನೆಯ ಪಾಲು ಎಷ್ಟೆಂಬುದನ್ನು ಮಳೆ ಹಿಡಿಯುವ ಮೊದಲೇ ಎಣಿಸಿಡಲು ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.