ಅಡುಗೆಮನೆ: ಹೊಳಪಿಗಿಂತ ಅಂಚು ಮುಖ್ಯ

ಹೊಸ ಮನೆ ಕಟ್ಟುವಾಗ ಅಡುಗೆಮನೆಗೆ ನಾವು ಮೊದಲು ಆರಿಸುವುದು ಬಣ್ಣ. ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಪಾಟಿನ ಬಾಗಿಲು ನೋಡಿ ಮುಂಗಡ ಕೊಟ್ಟು ಬರುತ್ತೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿ, ಬೂಸ್ಟು ಹಿಡಿದು, ಜಿರಲೆಗಳು ಬೀಡುಬಿಡುತ್ತವೆ. ಬೂಸ್ಟಿನ ಕಣ, ಜಿರಲೆಯ ಹಿಕ್ಕೆ ಎರಡೂ ಅಸ್ತಮಾವನ್ನು ಕೆರಳಿಸುತ್ತವೆ. ಆದ್ದರಿಂದ ಸಾಮಗ್ರಿ ಆರಿಸುವಾಗ ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ. ಅಂಚು, ಸಂದು ಮತ್ತು ಕಣ್ಣಿಗೆ ಬೀಳದ ಅಡಿಭಾಗವನ್ನು.

ಕಪಾಟಿನ ಹಲಗೆ

ಕಡಿಮೆ ಬೆಲೆಯ ಕಪಾಟುಗಳು ಹೆಚ್ಚಾಗಿ ಮರದ ಚೂರು, ನಾರುಗಳನ್ನು ಅಂಟು ಸೇರಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್‌ನಿಂದ ಮಾಡಿದವು. ನೀರು ಕುಡಿದು ಒಮ್ಮೆ ಉಬ್ಬಿದರೆ ಅವು ಮತ್ತೆ ಮೊದಲಿನಂತಾಗುವುದಿಲ್ಲ. ಅವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವೂ ಹೊರಬರುತ್ತದೆ. ಅದು ಕಣ್ಣು, ಗಂಟಲನ್ನು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಸೆಕೆ, ತೇವ ಹೆಚ್ಚಿದಂತೆ ಅನಿಲ ಹೊರಬರುವುದೂ ಹೆಚ್ಚು.

ಹಾಗೆಂದು ಗಾಬರಿ ಬೇಡ. ಅನಿಲ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯ ಹಲಗೆ ಕೇಳಿ. ಸಿಂಕಿನ ಕೆಳಗಿನ ಭಾಗಕ್ಕಾದರೂ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಾಕಿಸಿ. ಹೊರಗೆ ಲ್ಯಾಮಿನೇಟ್ ಅಂಟಿಸಿ ಒಳಗೆ ಹಾಗೇ ಬಿಡುವುದು ಸಾಮಾನ್ಯ. ಹಲಗೆಯ ಎರಡೂ ಮೈ, ನಾಲ್ಕೂ ಅಂಚು ಮುಚ್ಚಿರಬೇಕೆಂದು ಬಡಗಿಗೆ ಮೊದಲೇ ಹೇಳಿ. ತೇವ ಒಳಹೋಗುವುದೂ ಅನಿಲ ಹೊರಬರುವುದೂ ಹೆಚ್ಚಾಗಿ ಬರಿಯ ಅಂಚಿನಿಂದಲೇ. ಕೆಲಸ ಮುಗಿದ ಮೇಲೆ ಕೆಲವು ವಾರ ಕಪಾಟಿನ ಬಾಗಿಲು, ಕಿಟಕಿ ತೆರೆದಿಡಿ.

ಅಡುಗೆ ಕಟ್ಟೆ

ಮೀನು, ಮಾಂಸ ತೊಳೆಯುವ ಮನೆಗೆ ನೀರು ಹೀರದ ಕಲ್ಲು ಬೇಕು. ಕಪ್ಪು ಗ್ರಾನೈಟ್ ಈ ಕೆಲಸಕ್ಕೆ ಒಳ್ಳೆಯದು. ತಿಳಿ ಬಣ್ಣದ್ದಾದರೆ ಕೊಳ್ಳುವ ಮೊದಲು ಕಲ್ಲಿನ ತುಂಡಿನ ಮೇಲೆ ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಕಲೆ ಮೂಡಿದರೆ ಅದಕ್ಕೆ ಸೀಲರ್ ಹಚ್ಚಲೇಬೇಕು. ಅಮೃತಶಿಲೆ ಸುಂದರವೇ, ಆದರೆ ಲಿಂಬೆ, ಹುಣಸೆಯ ಹುಳಿ ತಾಗಿದರೆ ಅದರ ಹೊಳಪು ಹೋಗಿ ಮೈ ಒರಟಾಗುತ್ತದೆ.

ಈಗ ಜನಪ್ರಿಯವಾಗಿರುವ ಕ್ವಾರ್ಟ್ಜ್ ಕಟ್ಟೆ ಕಲ್ಲಿನ ಹುಡಿಗೆ ರಾಳ ಸೇರಿಸಿ ಮಾಡಿದ್ದು. ನಾವು ಬಳಸುವಾಗ ಅದರಿಂದ ಅಪಾಯವಿಲ್ಲ, ಬಿಸಿ ಪಾತ್ರೆಯನ್ನು ನೇರವಾಗಿ ಇಡಬಾರದು ಅಷ್ಟೆ. ಅಪಾಯವಿರುವುದು ಅದನ್ನು ಕತ್ತರಿಸುವವರಿಗೆ. ಆಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಬರುತ್ತದೆ. ಅದು ಗುಣವಾಗುವ ಕಾಯಿಲೆಯಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿದೆ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ. ಯಾವ ಕಲ್ಲಾದರೂ ನೀರು ಬಿಟ್ಟುಕೊಂಡೇ, ಮನೆಯ ಹೊರಗೆ, ಸರಿಯಾದ ಮಾಸ್ಕ್ ಧರಿಸಿ ಕತ್ತರಿಸಲು ಹೇಳಿ. ನಮ್ಮ ಮನೆಯ ಚಂದ ಕೆಲಸಗಾರನ ಉಸಿರಿಗೆ ಕುತ್ತಾಗಬಾರದು.

ಸಿಂಕ್ ಮತ್ತು ಸಂದುಗಳು

ಸಿಂಕ್ 304 ದರ್ಜೆಯ ಸ್ಟೀಲಿನದ್ದಾಗಿರಲಿ. ಆಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅಗ್ಗದ 202 ದರ್ಜೆಗೂ ಅದು ಹಿಡಿಯುವುದಿಲ್ಲ, ಆದರೆ ಕರಾವಳಿಯ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಗೋಡೆಗೆ ದೊಡ್ಡ ಟೈಲ್ಸ್ ಹಾಕಿದರೆ ಸಂದುಗಳು ಕಡಿಮೆ. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿದರೆ ಎಣ್ಣೆ, ಅರಿಶಿನ ಇಂಗುವುದಿಲ್ಲ.

ಇಷ್ಟಕ್ಕೆಲ್ಲ ಹಣ ಸಾಲದಿದ್ದರೆ ಬಾಗಿಲಿನ ಹೊಳಪನ್ನು ಕಡಿಮೆ ಮಾಡಿ. ಬಾಗಿಲನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಕೊಳೆತ ಅಡಿಹಲಗೆ ಬದಲಿಸಲು ಇಡೀ ಕಟ್ಟೆಯನ್ನೇ ಕಳಚಬೇಕಾದೀತು.