ತ್ರೀ ನಾಟ್ ತ್ರೀ ಬಂದೂಕಿನ ಒಳಗುಟ್ಟು

2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶದ ಪೊಲೀಸರು ‘ತ್ರೀ ನಾಟ್ ತ್ರೀ’ ರೈಫಲ್‌ಗಳನ್ನು ಸೇವೆಯಿಂದ ಬೀಳ್ಕೊಟ್ಟರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೂಪು ತಳೆದ ಆಯುಧವೊಂದು ಮೊಬೈಲ್ ಫೋನಿನ ಕಾಲದವರೆಗೂ ಠಾಣೆಗಳಲ್ಲಿ ಉಳಿದದ್ದು ಸಣ್ಣ ಮಾತಲ್ಲ. ಪೊಲೀಸರಿಗೆ ಹಳತಾದ ಈ ಕುಲದ ಬಂದೂಕು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಸಂಗ್ರಾಹಕರಿಗೆ ಇಂದಿಗೂ ಅಚ್ಚುಮೆಚ್ಚು. ಅದರಲ್ಲೂ ಹೆಸರಾದದ್ದು 1907ರ ‘ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್ ಮಾರ್ಕ್ 3’. ಉದ್ದ 113 ಸೆಂಟಿಮೀಟರ್, ತೂಕ ಸುಮಾರು 4 ಕಿಲೋ, ಹೊಟ್ಟೆಯಲ್ಲಿ 10 ಗುಂಡು, ಮುಂದೆ ಮೊಂಡು ಮೂತಿ.

‘ಲೀ’ ಎಂದರೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ. ಬೋಲ್ಟ್ ಮತ್ತು ಮ್ಯಾಗಜೀನ್ ಅವನ ಕೊಡುಗೆ. 1888ರಲ್ಲಿ ಬ್ರಿಟಿಷ್ ಸೈನ್ಯ ಈ ವಿನ್ಯಾಸದ ಮೊದಲ ರೈಫಲನ್ನು ಸ್ವೀಕರಿಸಿದಾಗ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ರೂಪಿಸಿದವನು ವಿಲಿಯಂ ಮೆಟ್‌ಫರ್ಡ್. ಕಪ್ಪು ಮದ್ದಿನ ಮಸಿ ಕಟ್ಟಿಕೊಳ್ಳಬಾರದೆಂದು ಅವನು ಗೀರುಗಳನ್ನು ಆಳವಿಲ್ಲದೆ, ಅಂಚು ದುಂಡಾಗಿ ಕೊರೆಸಿದ್ದ. ಆದರೆ ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೈಟ್ರೋಗ್ಲಿಸರಿನ್. ಅದರ ಉರಿಗೆ ಮೆಟ್‌ಫರ್ಡನ ತೆಳು ಗೀರುಗಳು ಬೇಗ ಸವೆದವು. ಎನ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆ ಆಳವಾದ, ಚೌಕ ಅಂಚಿನ ಐದು ಗೀರುಗಳನ್ನು ಕೊರೆಯಿತು. 1895ರಲ್ಲಿ ಲೀ-ಮೆಟ್‌ಫರ್ಡ್ ಹೋಗಿ ಲೀ-ಎನ್‌ಫೀಲ್ಡ್ ಬಂತು. ಬೋಯರ್ ಯುದ್ಧದ ಪಾಠ ಕಲಿತ ಮೇಲೆ ಕಾಲಾಳಿಗೂ ಕುದುರೆ ಸವಾರನಿಗೂ ಒಂದೇ ಗಿಡ್ಡ ರೈಫಲ್ ಸಾಕೆಂದು ನಿರ್ಧಾರವಾಯಿತು.

ಬೋಲ್ಟ್ ಎಂದರೆ ಬಾಗಿಲ ಚಿಲಕವಿದ್ದಂತೆ: ಎತ್ತಿ, ಹಿಂದೆಳೆದು, ಮುಂದೆ ತಳ್ಳಿ, ಕೆಳಗೆ ಒತ್ತಬೇಕು. ಜರ್ಮನಿಯ ಮೌಸರ್‌ನಲ್ಲಿ ಈ ಚಿಲಕ ಕಚ್ಚಿಕೊಳ್ಳುವುದು ಮುಂತುದಿಯಲ್ಲಿ, ಗುಂಡಿನ ಬೆನ್ನಿಗೇ. ಲೀ ಅದನ್ನು ಹಿಂತುದಿಗೆ ಒಯ್ದ. ಹಾಗಾಗಿ ಬೋಲ್ಟ್ ಚಲಿಸಬೇಕಾದ ದೂರ ಕಡಿಮೆ. ಮೌಸರ್ ಹಿಡಿಯನ್ನು 90 ಡಿಗ್ರಿ ಎತ್ತಬೇಕಾದರೆ ಇದಕ್ಕೆ 60 ಸಾಕು. ಪಳಗಿದ ಸಿಪಾಯಿ 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹಾರಿಸುತ್ತಿದ್ದ.

ಈ ವೇಗಕ್ಕೆ ಬೆಲೆಯೂ ಇತ್ತು. ಹಿಂದೆ ಮಾತ್ರ ಆಸರೆಯಿರುವ ಉದ್ದನೆಯ ಬೋಲ್ಟ್ ಸಿಡಿತದ ಒತ್ತಡಕ್ಕೆ ಕೂದಲೆಳೆಯಷ್ಟು ಕುಗ್ಗುತ್ತದೆ, ನಳಿಗೆಯೂ ಅದುರುತ್ತದೆ. ವಿಸ್ಮಯವೆಂದರೆ ಈ ದೋಷವೇ ದೂರದ ಗುರಿಗೆ ಗುಣವಾಗುತ್ತದೆ. ನಳಿಗೆ ಮೇಲಕ್ಕೆ ತುಯ್ಯುವ ಹೊತ್ತಿನಲ್ಲಿ ವೇಗದ ಗುಂಡು ಮೊದಲು ಹೊರಬೀಳುತ್ತದೆ. ಕೊಂಚ ನಿಧಾನದ ಗುಂಡು ಹೊರಬರುವಷ್ಟರಲ್ಲಿ ಮೂತಿ ಇನ್ನಷ್ಟು ಎತ್ತರಕ್ಕೇರಿರುತ್ತದೆ. ಬಹುದೂರ ಸಾಗಿದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ಸೇರುತ್ತವೆ.

ಇಂಥ ಬಂದೂಕು ಕೊಳ್ಳುವ ಸಂಗ್ರಾಹಕರು ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕುವುದು ಸುಮ್ಮನಲ್ಲ. ಅಂದಿನ ತೋಟಾದ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಗೆ ಅಂಟುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ನೀರು ಕಾಣದ ನಳಿಗೆಯಲ್ಲಿ ಸಿಡುಬಿನ ಗುಳಿಗಳು ಬಿದ್ದಿರುತ್ತವೆ.

ಹಿಡಿಕೆಯ ಬುಡದ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ತಯಾರಕರ ಹೆಸರು, ಇಸವಿ, ಮಾದರಿ ಕೆತ್ತಿರುತ್ತದೆ. ಎನ್‌ಫೀಲ್ಡ್, ಬಿ.ಎಸ್.ಎ., ಆಸ್ಟ್ರೇಲಿಯಾದ ಲಿತ್ಗೋ, ನಮ್ಮ ಇಷಾಪುರ. ಮಾದರಿಯ ಮುಂದೆ ನಕ್ಷತ್ರವಿದ್ದರೆ ಅದು ಮೊದಲ ಮಹಾಯುದ್ಧದ ಅವಸರದಲ್ಲಿ ಸರಳಗೊಳಿಸಿದ ಬಂದೂಕು. ಬೋಲ್ಟಿನ ಸಂಖ್ಯೆ, ದೇಹದ ಸಂಖ್ಯೆ ಒಂದೇ ಇರಬೇಕು. ಇದು ಬರೀ ಬೆಲೆಯ ಪ್ರಶ್ನೆಯಲ್ಲ. ಪ್ರತಿ ಬೋಲ್ಟನ್ನೂ ಅದರದೇ ದೇಹಕ್ಕೆ ಅಳತೆ ನೋಡಿ ಕೂಡಿಸಿರುತ್ತಾರೆ. ಬೇರೆಯದನ್ನು ತುರುಕಿದರೆ ಸಂದು ಹೆಚ್ಚಾಗಿ ತೋಟಾ ಸೀಳಬಹುದು.

ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ದಡದಲ್ಲಿರುವ ಇಷಾಪುರದ ಕಾರ್ಖಾನೆಗೆ ಈ ಕಥೆಯಲ್ಲಿ ವಿಶೇಷ ಸ್ಥಾನವಿದೆ. 1962ರ ಚೀನಾ ಯುದ್ಧದ ನಂತರ ಅಲ್ಲಿನ ಎಂಜಿನಿಯರುಗಳು ಇದೇ ವಿನ್ಯಾಸವನ್ನು ಹೆಚ್ಚು ಒತ್ತಡದ 7.62 ಮಿ.ಮೀ. ತೋಟಾಕ್ಕೆ ಒಗ್ಗಿಸಿದರು. ಅದಕ್ಕೆಂದೇ ಗಟ್ಟಿ ಉಕ್ಕು ಬಳಸಿದರು. ಹಾಗೆ ಬಂದದ್ದು 2ಎ ಮತ್ತು 2ಎ1 ಮಾದರಿಗಳು. ಹಳೆಯ ಬಂದೂಕಿಗೆ ಹೊಸ ನಳಿಗೆ ಹಾಕಿದ್ದೆಂದು ವಿದೇಶಿ ವ್ಯಾಪಾರಿಗಳು ಹೇಳುವುದುಂಟು. ಅದು ತಪ್ಪು, ಅವು ಹೊಸದಾಗಿಯೇ ತಯಾರಾದವು. ಸೈನ್ಯದ ಸಾಮಾನ್ಯ ಬಳಕೆಗೆಂದು ರೂಪಿಸಿದ ಕಟ್ಟಕಡೆಯ ಬೋಲ್ಟ್ ರೈಫಲ್‌ಗಳಲ್ಲಿ ಇವೂ ಸೇರಿವೆ. ಭಾರತೀಯರ ಈ ಕೆಲಸಕ್ಕೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು.

ಇಂಥ ಬಂದೂಕಿಗೆ ದೊಡ್ಡ ಶತ್ರು ಉಪ್ಪುಕಾಗದ. ಮರವನ್ನು ಉಜ್ಜಿ ವಾರ್ನಿಷ್ ಬಳಿದರೆ ಅದರಲ್ಲಿ ಒತ್ತಿದ ತಪಾಸಣೆಯ ಮುದ್ರೆಗಳು ಅಳಿಸಿಹೋಗುತ್ತವೆ, ಮತ್ತೆಂದೂ ಬರುವುದಿಲ್ಲ. ಅಗಸೆ ಎಣ್ಣೆಯ ತೆಳು ಲೇಪ ಸಾಕು.

ನಮ್ಮ ದೇಶದಲ್ಲಿ ಪಾಯಿಂಟ್ 303, ಅಂದರೆ ತ್ರೀ ನಾಟ್ ತ್ರೀ, ನಾಗರಿಕರಿಗೆ ನಿಷೇಧಿತ ಬೋರ್. ಆ ಕಾರಣಕ್ಕೇ ಇಷಾಪುರ ನಾಗರಿಕರಿಗಾಗಿ ಇದೇ ಬೋಲ್ಟ್ ವಿನ್ಯಾಸದ ಪಾಯಿಂಟ್ 315 ರೈಫಲ್ ತಯಾರಿಸಿತು. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಗಳಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿಯುಂಟು. ಆದರೆ ಹಾಗೆಂದು ನಾವೇ ತೀರ್ಮಾನಿಸುವಂತಿಲ್ಲ. ಅಜ್ಜನ ಅಟ್ಟದಲ್ಲಿ ಇಂಥದ್ದೊಂದು ಸಿಕ್ಕರೆ ಉಜ್ಜಬೇಡಿ, ಮಾರಬೇಡಿ. ಮೊದಲು ಪೊಲೀಸ್ ಠಾಣೆಗೆ ತಿಳಿಸಿ.