ಇಳಿಹೊತ್ತಿನ ಗುಡುಗು

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಚೌಡಾಪುರವಿದೆ. ದತ್ತಕ್ಷೇತ್ರವಾದ ದೇವಲ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಇಲ್ಲಿಂದಲೇ ಹೊರಳುತ್ತಾರೆ. ಸುತ್ತಲೂ ಜೋಳ, ತೊಗರಿ ಬೆಳೆಯುವ ಎರೆಭೂಮಿ. ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ಬಹುಪಾಲು ಹೊಲಗಳು ಬರಿದಾಗಿ, ಬಾಯಿಬಿಟ್ಟುಕೊಂಡು ಮುಂಗಾರಿಗಾಗಿ ಕಾಯುತ್ತವೆ.

ಈ ಸೀಮೆಯ ಬಿಸಿಲಿಗೆ ಕಾರಣಗಳುಂಟು. ಮೇ ತಿಂಗಳ ಮೊದಲ ಪಕ್ಷದಲ್ಲಿ ಸೂರ್ಯನು ಇಲ್ಲಿ ನಡುನೆತ್ತಿಯ ಮೇಲೆಯೇ ಬರುತ್ತಾನೆ. ಕಪ್ಪು ಮಣ್ಣು ಬಿಸಿಲನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ತಂಪು ತರಬೇಕಾದ ಕಡಲು ಎರಡೂ ದಿಕ್ಕುಗಳಲ್ಲಿ ದೂರ. ಆದ್ದರಿಂದ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಅಪರೂಪವಲ್ಲ. 1875 ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು, ಬಯಲುನಾಡಿನಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದರೆ, ಇಲ್ಲವೆ 45 ಡಿಗ್ರಿಯನ್ನೇ ತಲುಪಿದರೆ, ಅದನ್ನು ‘ಉಷ್ಣ ಅಲೆ’ ಎಂದು ಪರಿಗಣಿಸುತ್ತದೆ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8 ಗಂಟೆಗೇ ತೆರೆದು ಮಧ್ಯಾಹ್ನ ಮುಚ್ಚುವುದುಂಟು. ಆದರೆ ಹೊಲದ ಕೂಲಿಯವರಿಗೂ ಕುರಿ ಕಾಯುವವರಿಗೂ ಅಂಥ ಅನುಕೂಲವೆಲ್ಲಿ?

ಇಂಥ ಬೆಂದ ನೆಲದ ಮೇಲೆಯೇ ಕೆಲವು ದಿನ ಇಳಿಹೊತ್ತಿಗೆ ಮುಗಿಲು ಕವಿದು ಗುಡುಗುತ್ತದೆ. ಅದು ಹೇಗೆ? ಕಾದ ನೆಲಕ್ಕೆ ತಗುಲಿದ ಗಾಳಿ ಹಗುರಾಗಿ ಮೇಲೇರುತ್ತದೆ. ಒಣಗಾಳಿಯು ಒಂದು ಕಿಲೋಮೀಟರು ಏರಿದರೆ ಸುಮಾರು 10 ಡಿಗ್ರಿಯಷ್ಟು ತಣಿಯುತ್ತದೆ. ಗಾಳಿಯಲ್ಲಿ ನೀರಾವಿ ಇದ್ದರೆ ಅದು ಮೇಲೆ ಹನಿಗೂಡಿ ಮೋಡವಾಗುತ್ತದೆ. ಹನಿಗೂಡುವಾಗ ಆವಿಯಲ್ಲಿ ಅಡಗಿದ್ದ ಶಾಖ ಹೊರಬಿದ್ದು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಬೆಳೆದ ಮೋಡದ ನೆತ್ತಿ 12 ಕಿಲೋಮೀಟರಿಗೂ ಮಿಕ್ಕಿ ಏರಬಲ್ಲದು. ಅಲ್ಲಿ ಹಿಮದ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಶೇಖರವಾಗುತ್ತದೆ. ಮಳೆಯೊಡನೆ ಕೆಳಕ್ಕೆ ಧುಮುಕುವ ತಂಪುಗಾಳಿಯೇ ಮೊದಲ ಹನಿಗಿಂತ ಮುಂಚೆ ದೂಳೆಬ್ಬಿಸುವ ಬಿರುಗಾಳಿ.

ಹಾಗಾದರೆ ಬಿಸಿಲು ಕಾದ ದಿನವೆಲ್ಲ ಮಳೆ ಏಕೆ ಬಾರದು? ಬಿಸಿಲೊಂದೇ ಸಾಲದು, ತೇವವೂ ಬೇಕು. ವಾಯವ್ಯದ ಒಣಗಾಳಿ ಬೀಸುವಷ್ಟು ದಿನ ಆಕಾಶ ಬರಿದೇ ಉರಿಯುತ್ತದೆ. ಬಂಗಾಳ ಕೊಲ್ಲಿಯಿಂದಲೋ ಅರಬ್ಬಿ ಸಮುದ್ರದಿಂದಲೋ ತೇವದ ಗಾಳಿ ಒಳನಾಡಿಗೆ ನುಗ್ಗಿ ಒಣಗಾಳಿಯನ್ನು ಸಂಧಿಸಿದಾಗ ಮೋಡ ಏಳಲು ಅನುವಾಗುತ್ತದೆ. ಅಂಥ ಒಂದು ಮೋಡ ಆವರಿಸುವುದು ಕೆಲವೇ ಕಿಲೋಮೀಟರಿನ ಪ್ರದೇಶವನ್ನು. ಒಂದು ಊರಿನ ಹಳ್ಳ ಹರಿದರೂ ನೆರೆಯೂರಿನ ದೂಳು ಅಡಗದಿರುವುದು ಇದರಿಂದಲೇ. ಹವಾಮಾನ ವರದಿಯು ‘ಗುಡುಗುಸಹಿತ ಮಳೆಯ ಸಾಧ್ಯತೆ’ ಎನ್ನುವುದು ಅಳುಕಿನಿಂದಲ್ಲ. ಮೋಡ ಯಾರ ಹೊಲದ ಮೇಲೆ ನಿಲ್ಲುವುದೆಂದು ಬೆಳಿಗ್ಗೆಯೇ ಹೇಳಲಾಗದು.

ಆ ‘ಸಾಧ್ಯತೆ’ಯನ್ನು ಕಡೆಗಣಿಸಿದರೆ ಪ್ರಾಣಕ್ಕೇ ಕುತ್ತು. ಮಿಂಚು ಹಾಯ್ದ ದಾರಿಯ ಗಾಳಿ ಸುಮಾರು 30,000 ಡಿಗ್ರಿಯವರೆಗೆ ಕಾಯುತ್ತದೆ. ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾಗುವವರಲ್ಲಿ ಹೆಚ್ಚಿನವರು ಹಳ್ಳಿಗರು. ಹನಿ ಬಿದ್ದೊಡನೆ ಬಯಲಿನ ಒಂಟಿ ಬೇವಿನ ಮರದಡಿ ಓಡುವುದು ಸಹಜ. ಆದರೆ ಸಿಡಿಲು ಎತ್ತರವಾದುದನ್ನೇ ಅರಸುತ್ತದೆ. ಮಿಂಚು ಕಂಡು ಗುಡುಗು ಕೇಳುವ ನಡುವಣ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ದೂರವೆಂದು ಲೆಕ್ಕ. ಆ ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಗಟ್ಟಿ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಕೊನೆಯ ಗುಡುಗಿನ ಅನಂತರ 30 ನಿಮಿಷ ಕಾಯಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅಂಜದೆ ಮುಟ್ಟಿ ಕೂಡಲೇ ಉಪಚರಿಸಬಹುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ಭರಣಿ, ಕೃತ್ತಿಕೆ, ರೋಹಿಣಿ ಎಂದು ರೈತನು ಈ ಮಳೆಗಳನ್ನು ಹೆಸರಿಟ್ಟು ಕರೆಯುತ್ತ ಬಂದಿದ್ದಾನೆ. ಹದವಾಗಿ ಬಿದ್ದರೆ ಇವು ಬಿರಿದ ಎರೆಯನ್ನು ಮೃದುಗೊಳಿಸಿ ಉಳುಮೆಗೆ ಅಣಿಮಾಡುತ್ತವೆ. ಬರುವ ಮಳೆಯನ್ನು ಸಂತೋಷದಿಂದ ಎದುರುಗೊಳ್ಳೋಣ. ಆದರೆ ಅದು ಗುಡುಗಿ ಹೋಗುವವರೆಗೆ ಸೂರಿನಡಿ ನಿಲ್ಲೋಣ.